ರಾಯದುರ್ಗ, ಮಡಕಶಿರಾ ಕಡೆಗೆ ಫ್ಯಾಮಿಲಿ ಟ್ರಿಪ್: ಗಾಡಿಯ ಟಾಯ್ಲೆಟ್ ಎಲ್ಲಿ ಖಾಲಿ ಮಾಡಬೇಕು, ರಾತ್ರಿ ಎಲ್ಲಿ ಉಳಿಯಬೇಕು?

ಕರಾವಳಿಯಿಂದ ಪೆನುಕೊಂಡ ಝಿಯಾರತ್‌ಗೆ, ಲೇಪಾಕ್ಷಿ ನೋಡಲಿಕ್ಕೆ, ರಾಯದುರ್ಗದ ಜೀನ್ಸ್ ಮಾಲು ತರಲಿಕ್ಕೆ ಎಂದು ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋಗುವ ಕುಟುಂಬಗಳಿಗೆ ದಾರಿಯಲ್ಲಿ ಊಟದ ಚಿಂತೆ ಇರುವುದಿಲ್ಲ, ಟಾಯ್ಲೆಟ್‌ನದ್ದು ಇರುತ್ತದೆ. ಮೊಣಕಾಲು ನೋವಿನ ಉಮ್ಮ ಕೂರುವ ಟಾಯ್ಲೆಟ್ ಇಲ್ಲದ ಕಡೆ ಇಳಿಯಲಾರರು. ಸಕ್ಕರೆ ಕಾಯಿಲೆ ಇರುವವರಿಗೆ ಗಂಟೆಗೊಮ್ಮೆ ಹೋಗಬೇಕು. ಮನೆಯ ಹೆಂಗಸರು ಬೆಳಗ್ಗಿನಿಂದ ನೀರೇ ಕುಡಿಯದೆ ಕುಳಿತಿರುತ್ತಾರೆ. ಹೀಗೆ ನೀರು ಬಿಟ್ಟು, ಮೂತ್ರ ತಡೆದು ಕೂತರೆ ಉರಿಮೂತ್ರ, ಸೋಂಕು ಬರುವ ಸಂಭವ ಹೆಚ್ಚು ಎಂದು ವೈದ್ಯರು ಹೇಳುತ್ತಲೇ ಇರುತ್ತಾರೆ.

ಇದಕ್ಕೆ ಪರಿಹಾರವೆಂದು ಈಗ ಕೆಲವರು ಗಾಡಿಯಲ್ಲೇ ಪೋರ್ಟಬಲ್ ಟಾಯ್ಲೆಟ್ ಇಟ್ಟುಕೊಳ್ಳುತ್ತಾರೆ, ಕೆಲವರು ಟಾಯ್ಲೆಟ್ ಇರುವ ಕ್ಯಾರವಾನ್ ಬಾಡಿಗೆಗೆ ಪಡೆಯುತ್ತಾರೆ. ಒಳ್ಳೆಯದೇ. ಆದರೆ ಟ್ಯಾಂಕ್ ತುಂಬಿದ ಮೇಲೆ ಅದನ್ನು ಎಲ್ಲಿ ಖಾಲಿ ಮಾಡುವುದು? ಈ ಪ್ರಶ್ನೆಗೆ ಹೊರಡುವ ಮೊದಲೇ ಉತ್ತರ ಬೇಕು.

ಡಂಪ್ ಸ್ಟೇಷನ್ ಎಂದರೇನು?

ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ಮನೆಯಂಥ ಗಾಡಿಗಳಲ್ಲಿ ತಿರುಗುವವರು ಬಹಳ. ಅವರಿಗಾಗಿ ಹೆದ್ದಾರಿ ಬದಿ, ಕ್ಯಾಂಪಿಂಗ್ ಜಾಗ, ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಡಂಪ್ ಸ್ಟೇಷನ್ ಇರುತ್ತದೆ. ಇದು ದೊಡ್ಡ ವಿಷಯ ಏನಲ್ಲ: ಇಳಿಜಾರು ಮಾಡಿದ ಸಿಮೆಂಟ್ ನೆಲ, ಮುಚ್ಚಳ ಇರುವ ಒಂದು ಗುಂಡಿ, ತೊಳೆಯಲಿಕ್ಕೆ ಒಂದು ನಳ್ಳಿ. ಗುಂಡಿ ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಸೇರಿರುತ್ತದೆ.

ಗಾಡಿಯ ಕೊಳಕು ನೀರಿನಲ್ಲಿ ಎರಡು ಬಗೆ. ಕೈ ತೊಳೆದ, ಪಾತ್ರೆ ತೊಳೆದ, ಸ್ನಾನದ ನೀರು ಒಂದು. ಟಾಯ್ಲೆಟ್‌ನ ಮಲಮೂತ್ರ ಇನ್ನೊಂದು. ಡಂಪ್ ಸ್ಟೇಷನ್ ಮುಖ್ಯವಾಗಿ ಎರಡನೆಯದಕ್ಕೆ.

ಭಾರತದಲ್ಲಿ ಈ ವ್ಯವಸ್ಥೆ ಈಗಷ್ಟೇ ಕಣ್ಣು ಬಿಡುತ್ತಿದೆ. ಕೇರಳ ಸರ್ಕಾರ 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. 2022ರಲ್ಲಿ ವಾಗಮಣ್‌ನಲ್ಲಿ ರಾಜ್ಯದ ಮೊದಲ ಕ್ಯಾರವಾನ್ ಪಾರ್ಕ್ ಶುರುವಾಯಿತು. ಅಂಥ ಪಾರ್ಕ್ ಒಳಗೆ ನಿಂತರೆ ನೀರು, ಕರೆಂಟು, ಕೊಳಕು ಇಳಿಸುವ ವ್ಯವಸ್ಥೆ ಒಂದೇ ಕಡೆ ಸಿಗುತ್ತದೆ. ಆದರೆ ಮಂಗಳೂರಿನಿಂದ ಶಿರಾ, ಮಡಕಶಿರಾ, ರಾಯದುರ್ಗದ ದಾರಿಯಲ್ಲಿ ಅದನ್ನು ನಂಬಿಕೊಂಡು ಹೊರಡಲಿಕ್ಕೆ ಆಗುವುದಿಲ್ಲ. ಇಲ್ಲಿ ಇರುವುದರಲ್ಲೇ ದಾರಿ ಹುಡುಕಬೇಕು.

ಊರಿನ ಪರಿಚಯ

ರಾಯದುರ್ಗ ಅನಂತಪುರ ಜಿಲ್ಲೆಯಲ್ಲಿದೆ. ಬಳ್ಳಾರಿಯಿಂದ ಸುಮಾರು 50 ಕಿ.ಮೀ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ಪಕ್ಕದಲ್ಲೇ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆಗುವಾಗ ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆಂಧ್ರಕ್ಕೆ ಕೊಟ್ಟರು. ಹಾಗಾಗಿ ಪೇಟೆಯಲ್ಲಿ ಇವತ್ತಿಗೂ ಕನ್ನಡ ನಡೆಯುತ್ತದೆ.

ಮಡಕಶಿರಾ ಬಹುಪಾಲು ಕರ್ನಾಟಕದಿಂದಲೇ ಸುತ್ತುವರಿದ ತಾಲೂಕು. ಒಂದು ಕಡೆ ಶಿರಾ, ಇನ್ನೊಂದು ಕಡೆ ಪಾವಗಡ, ಮತ್ತೊಂದು ಕಡೆ ಮಧುಗಿರಿ. ನೊಳಂಬರ ರಾಜಧಾನಿಯಾಗಿದ್ದ ಹೇಮಾವತಿ ಇದೇ ಭಾಗದಲ್ಲಿದೆ. ಹಳೆಯ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ, ಹಿಂದೂಪುರ, ಪೆನುಕೊಂಡ 2022ರ ಏಪ್ರಿಲ್‌ನಿಂದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿವೆ. ಪುಟ್ಟಪರ್ತಿ ಇದರ ಕೇಂದ್ರ. ಕಚೇರಿ ಹುಡುಕುವಾಗ ಈ ಬದಲಾವಣೆ ನೆನಪಿರಲಿ.

ಈ ಭಾಗದ ಬಗ್ಗೆ ಕರಾವಳಿಯವರು ಮೊದಲು ತಿಳಿದುಕೊಳ್ಳಬೇಕಾದದ್ದು ಮಳೆಯ ಲೆಕ್ಕ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ. ಅನಂತಪುರ ಕಡೆ 550 ಮಿ.ಮೀ. ಆಸುಪಾಸು. ನಮ್ಮ ಕಡೆ ಎಲ್ಲಿ ಏನು ಚೆಲ್ಲಿದರೂ ಜೂನ್‌ನಲ್ಲಿ ಮಳೆ ತೊಳೆದುಕೊಂಡು ಹೋಗ್ತದೆ ಎಂಬ ಧೈರ್ಯ. ಅಲ್ಲಿ ಹಾಗಲ್ಲ. ಚೆಲ್ಲಿದ್ದು ಚೆಲ್ಲಿದಲ್ಲೇ ಒಣಗಿ ಕೂತಿರುತ್ತದೆ, ಒಂದು ದಿನ ಬಂದ ಮಳೆಗೆ ಸೀದಾ ಕೆರೆಗೆ ಇಳಿಯುತ್ತದೆ. ಬೇಸಿಗೆಯಲ್ಲಿ ಬಯಲು ಮೈದಾನದ ಹಾಗೆ ಕಾಣುವ ಜಾಗ ಎಷ್ಟೋ ಸಲ ಕೆರೆಯ ಅಂಗಳ. ಮರಳು ಮಾತ್ರ ಕಾಣುವ ವೇದಾವತಿ ಸಹ ನದಿಯೇ. ಅದರ ಮರಳಿನ ಅಡಿಯ ನೀರನ್ನು ನಂಬಿ ಜನ ಬದುಕುತ್ತಾರೆ. ಬೋರ್‌ವೆಲ್ ನೀರಿಗೆ ಕೊಡ ಇಟ್ಟು ಕಾಯುವ ಊರಿನಲ್ಲಿ ಒಂದು ಟ್ಯಾಂಕ್ ಹೊಲಸು ಸುರಿದು ಬರುವುದು ಸಣ್ಣ ತಪ್ಪಲ್ಲ.

ಟ್ಯಾಂಕಿನ ಲೆಕ್ಕ

ಪೋರ್ಟಬಲ್ ಟಾಯ್ಲೆಟ್‌ನ ಕೆಳಗಿನ ಟ್ಯಾಂಕ್ ಸಾಮಾನ್ಯವಾಗಿ 10ರಿಂದ 20 ಲೀಟರ್. ಪೂರ್ತಿ ತುಂಬಿಸಿದರೆ ಎತ್ತುವಾಗ ಚೆಲ್ಲುತ್ತದೆ, ಹಾಗಾಗಿ 20 ಲೀಟರಿನದ್ದರಲ್ಲಿ 15 ಲೀಟರ್ ಎಂದೇ ಲೆಕ್ಕ ಹಾಕಬೇಕು.

ಗಾಡಿಯಲ್ಲಿ 6 ಜನ, ಒಬ್ಬೊಬ್ಬರು ದಿನಕ್ಕೆ 3 ಸಲ ಎಂದರೆ 18 ಸಲ. ಸಲಕ್ಕೆ ಮೂತ್ರ ಮತ್ತು ಫ್ಲಶ್ ಸೇರಿ ಮುಕ್ಕಾಲು ಲೀಟರ್ ಎಂದರೆ 13.5 ಲೀಟರ್. ಒಂದು ದಿನಕ್ಕೆ ಸರಿಹೋಯಿತು.

ಆದರೆ ಈ ಟಾಯ್ಲೆಟ್‌ಗಳು ಪೇಪರ್ ಬಳಸುವವರಿಗಾಗಿ ಮಾಡಿದವು. ನೀರು ಬಳಸುವವರ ಲೆಕ್ಕ ಬೇರೆ. ಮಗ್‌ನಲ್ಲಿ ಸಲಕ್ಕೆ 1 ಲೀಟರ್ ಹೋದರೆ ಅದೇ 18 ಸಲಕ್ಕೆ 31.5 ಲೀಟರ್. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕ್ ಫುಲ್. ಅನೇಕರು ಎಡವುವುದು ಇಲ್ಲೇ. ಮಗ್ ಬದಲು ಒತ್ತಿದರೆ ಚಿಮ್ಮುವ ಸಣ್ಣ ಬಾಟಲಿ ಇಟ್ಟರೆ ಕಾಲು ಲೀಟರ್‌ನಲ್ಲಿ ಶುದ್ಧಿ ಆಗುತ್ತದೆ. ಆಗ ಒಟ್ಟು 18 ಲೀಟರ್. ದಾರಿಯಲ್ಲಿ ಎರಡು ಕಡೆ ಒಳ್ಳೆಯ ಟಾಯ್ಲೆಟ್ ಸಿಕ್ಕಿ ಎಲ್ಲರೂ ಇಳಿದರೆ 6 ಲೀಟರಿಗೆ ಬಂದು ನಿಲ್ಲುತ್ತದೆ.

ಅಂದರೆ ಗಾಡಿಯ ಟಾಯ್ಲೆಟ್ ಎಲ್ಲರಿಗೂ ಎಲ್ಲಾ ಹೊತ್ತಿಗೂ ಅಲ್ಲ. ವಯಸ್ಸಾದವರಿಗೆ, ಸಣ್ಣ ಮಕ್ಕಳಿಗೆ, ತಡೆಯಲು ಆಗದ ಹೊತ್ತಿಗೆ ಮಾತ್ರ. ಉಳಿದವರು ಟಾಯ್ಲೆಟ್ ಇರುವ ನಿಲ್ದಾಣಗಳಲ್ಲಿ ಇಳಿಯಬೇಕು.

ವುಝೂ ನೀರು ಟಾಯ್ಲೆಟ್ ಟ್ಯಾಂಕಿಗೆ ಬೀಳದ ಹಾಗೆ ನೋಡಿಕೊಳ್ಳಬೇಕು. ಒಂದು ಲೀಟರ್ ಬಾಟಲಿಯಲ್ಲಿ ಒಬ್ಬರ ವುಝೂ ಆರಾಮದಲ್ಲಿ ಮುಗಿಯುತ್ತದೆ. ಆ ನೀರನ್ನು ಮರದ ಬುಡಕ್ಕೆ ಬಿಟ್ಟರೆ ತೊಂದರೆ ಇಲ್ಲ.

ಎಲ್ಲಿ ಖಾಲಿ ಮಾಡಬಹುದು?

1. ರಾತ್ರಿ ಉಳಿಯುವ ಲಾಡ್ಜ್. ಇದೇ ಮೊದಲ ಆಯ್ಕೆ. ಫೋನಿನಲ್ಲಿ ರೂಮ್ ಕೇಳುವಾಗಲೇ "ಪೋರ್ಟಬಲ್ ಟಾಯ್ಲೆಟ್ ಉಂಟು, ರೂಮಿನ ಕಮೋಡ್‌ಗೆ ಖಾಲಿ ಮಾಡಬಹುದಾ" ಎಂದು ಕೇಳಬೇಕು. ನಾಚಿಕೊಳ್ಳುವ ವಿಷಯ ಅಲ್ಲ. ಒಪ್ಪಿದರೆ ನಿಧಾನವಾಗಿ ಸುರಿದು, ಎರಡು ಮೂರು ಲೀಟರ್ ನೀರಿನಲ್ಲಿ ಟ್ಯಾಂಕ್ ಕುಲುಕಿ ಅದನ್ನೂ ಕಮೋಡ್‌ಗೇ ಹಾಕಬೇಕು. ಬಾತ್‌ರೂಮಿನ ನೀರು ಹೋಗುವ ತೂತಿಗೆ ಸುರಿಯಬಾರದು, ಅದು ಎಷ್ಟೋ ಕಡೆ ಸೀದಾ ಬೀದಿ ಚರಂಡಿಗೆ ಹೋಗುತ್ತದೆ.

2. ಬಸ್ ಸ್ಟ್ಯಾಂಡಿನ ಶುಲ್ಕ ಕೊಟ್ಟು ಬಳಸುವ ಶೌಚಾಲಯ. ನೋಡಿಕೊಳ್ಳುವವರ ಅನುಮತಿ ಕೇಳಿ, ಜನ ಕಡಿಮೆ ಇರುವ ಹೊತ್ತು ನೋಡಿ ಹೋಗಬೇಕು. ಒಬ್ಬರ ಶುಲ್ಕ ಕೊಟ್ಟು ಆರು ಜನರದ್ದು ಸುರಿಯುವುದು ನ್ಯಾಯ ಅಲ್ಲ. ಜನರ ಲೆಕ್ಕಕ್ಕೆ ಹಣ ಕೊಡಬೇಕು.

3. ಪೆಟ್ರೋಲ್ ಬಂಕ್. ಗ್ರಾಹಕರಿಗೆ ಟಾಯ್ಲೆಟ್, ಕುಡಿಯುವ ನೀರು, ಟಯರಿಗೆ ಗಾಳಿ ಉಚಿತವಾಗಿ ಕೊಡಬೇಕೆಂದು ತೈಲ ಕಂಪೆನಿಗಳ ನಿಯಮವೇ ಇದೆ. ಡೀಸೆಲ್ ಹಾಕಿಸುವ ಜಾಗವನ್ನೇ ಟಾಯ್ಲೆಟ್ ಸ್ಟಾಪ್ ಮಾಡಿದರೆ ಸಮಯವೂ ಉಳಿತಾಯ. ಆದರೆ ಅದು ಇಳಿದು ಬಳಸುವುದಕ್ಕೆ. ಟ್ಯಾಂಕ್ ಖಾಲಿ ಮಾಡುವುದಿದ್ದರೆ ಮ್ಯಾನೇಜರ್ ಒಪ್ಪಿಗೆ ಬೇಕು.

4. ಸ್ಥಳೀಯ ಸಂಸ್ಥೆ. ರಾಯದುರ್ಗದಲ್ಲಿ ಪುರಸಭೆ, ಮಡಕಶಿರಾದಲ್ಲಿ ನಗರ ಪಂಚಾಯತ್. ಆಂಧ್ರದಲ್ಲಿ 2019ರಿಂದ ವಾರ್ಡ್ ಸಚಿವಾಲಯಗಳಿವೆ, ಅಲ್ಲಿ ನೈರ್ಮಲ್ಯ ನೋಡಿಕೊಳ್ಳುವ ಕಾರ್ಯದರ್ಶಿ ಇರುತ್ತಾರೆ. ಸೆಪ್ಟಿಕ್ ಟ್ಯಾಂಕ್ ಖಾಲಿ ಮಾಡುವ ಲಾರಿಗಳು ಎಲ್ಲಿ ಇಳಿಸುತ್ತವೆ ಎಂದು ಅವರಿಗೆ ಗೊತ್ತಿರುತ್ತದೆ. 20 ಲೀಟರಿನ ಟ್ಯಾಂಕಿಗೆ ಇಷ್ಟು ಓಡಾಟ ಬೇಕಿಲ್ಲ. ದೊಡ್ಡ ಟ್ಯಾಂಕಿನ ಕ್ಯಾರವಾನ್ ಆದರೆ ಇದು ಬೇಕೇ ಬೇಕು. ಸೆಪ್ಟಿಕ್ ಟ್ಯಾಂಕ್ ಸೇವೆಗೆ ಕೇಂದ್ರ ಸರ್ಕಾರ ಮಾಡಿದ ಸಹಾಯವಾಣಿ ಸಂಖ್ಯೆ 14420.

ಸೆಪ್ಟಿಕ್ ಟ್ಯಾಂಕಿನ ಹೊಲಸನ್ನು ಸಂಸ್ಕರಿಸುವ ಪಟ್ಟಣ ಮಟ್ಟದ ಘಟಕ ಭಾರತದಲ್ಲಿ ಮೊದಲು ಆದದ್ದು ಕರ್ನಾಟಕದಲ್ಲೇ, ದೇವನಹಳ್ಳಿಯಲ್ಲಿ, 2015ರಲ್ಲಿ. ಲಾರಿ ತಂದ ಹೊಲಸು ಅಲ್ಲಿ ಗೊಬ್ಬರವಾಗುತ್ತದೆ. ಅಂಥ ಘಟಕ ಇರುವ ಊರುಗಳಲ್ಲಿ ಮುಂದೆ ಕ್ಯಾರವಾನ್‌ಗಳಿಗೂ ಒಂದು ಗುಂಡಿ ಇಡುವುದು ಕಷ್ಟದ ಕೆಲಸವಲ್ಲ.

ತೆಲುಗಿನಲ್ಲಿ ಟಾಯ್ಲೆಟ್‌ಗೆ "ಮರುಗುದೊಡ್ಡಿ" ಎನ್ನುತ್ತಾರೆ. ಕನ್ನಡ, ಉರ್ದು ಎರಡೂ ನಡೆಯುವ ಪ್ರದೇಶವಾದರೂ ಈ ಒಂದು ಪದ ಗೊತ್ತಿರಲಿ.

ಎಲ್ಲಿ ಮಾಡಬಾರದು?

ಕೆರೆ ಅಂಗಳ, ಹಳ್ಳ, ಪಾಳು ಬಾವಿ, ರಸ್ತೆ ಬದಿ ಮೋರಿ, ಕಡಲೆಕಾಯಿ ಹೊಲ, ಮರದ ನೆರಳು. 1974ರ ಜಲ ಮಾಲಿನ್ಯ ತಡೆ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ನೀರಿಗಾಗಲಿ ನೆಲಕ್ಕಾಗಲಿ ಹೊಲಸು ಬಿಡುವುದು ನಿಷಿದ್ಧ. ದಾರಿ, ನೆರಳು, ನೀರಿನ ಜಾಗ ಈ ಮೂರನ್ನು ಹೊಲಸು ಮಾಡಬೇಡಿ ಎಂಬ ಪ್ರವಾದಿಯವರ ಎಚ್ಚರಿಕೆ ಮದ್ರಸಾ ಮಕ್ಕಳಿಗೂ ಗೊತ್ತು. ಗಾಡಿಗೆ ಟ್ಯಾಂಕ್ ಬಂದ ಮಾತ್ರಕ್ಕೆ ಅದು ಬದಲಾಗುವುದಿಲ್ಲ.

ಮಸೀದಿ, ದರ್ಗಾದ ಶೌಚಾಲಯಕ್ಕೂ ಕೇಳದೆ ಸುರಿಯಬಾರದು. ಸಣ್ಣ ಊರಿನ ಮಸೀದಿಯ ಗುಂಡಿ ಸಣ್ಣದು, ಜುಮಾ ದಿನ ಅಥವಾ ಉರೂಸ್ ಹೊತ್ತಿಗೆ ತುಂಬಿ ಉಕ್ಕಿದರೆ ಅದನ್ನು ನೋಡಿಕೊಳ್ಳಬೇಕಾದವರು ಅಲ್ಲಿನ ಜಮಾಅತ್‌ನವರು.

ಟ್ಯಾಂಕಿಗೆ ಹಾಕುವ ನೀಲಿ ದ್ರಾವಣದ ಬಗ್ಗೆಯೂ ಎಚ್ಚರ. ಫಾರ್ಮಾಲ್ಡಿಹೈಡ್ ಇರುವುದಾದರೆ ಸೆಪ್ಟಿಕ್ ಟ್ಯಾಂಕಿನ ಕೊಳೆಸುವ ಬ್ಯಾಕ್ಟೀರಿಯಾ ಸಾಯುತ್ತದೆ. ಲೇಬಲ್ ಓದಿ, ಎನ್‌ಜೈಮ್ ಇರುವುದನ್ನೇ ತಗೊಳ್ಳಬೇಕು. ಮಕ್ಕಳ ಡೈಪರ್, ಪ್ಯಾಡ್ ಯಾವುದೂ ಟ್ಯಾಂಕಿಗೆ ಹಾಕಬಾರದು. ಪೇಪರಿನಲ್ಲಿ ಸುತ್ತಿ ಬೇರೆ ಚೀಲದಲ್ಲಿಟ್ಟು ಕಸದ ಗಾಡಿಗೆ ಕೊಡಬೇಕು.

ಯಾರು ಖಾಲಿ ಮಾಡಬೇಕು?

ಹೆಚ್ಚಿನವರು ಮಾತಾಡದ ವಿಷಯ ಇದು. ಲಾಡ್ಜಿನ ಹುಡುಗನಿಗೋ ಗಾಡಿ ಡ್ರೈವರನಿಗೋ ನೂರು ರೂಪಾಯಿ ಕೊಟ್ಟು "ಸ್ವಲ್ಪ ಖಾಲಿ ಮಾಡಿ ಬಾ" ಎನ್ನುವುದು ಸುಲಭ. ಆದರೆ ಒಬ್ಬರ ಮಲ ಇನ್ನೊಬ್ಬರ ಕೈಯಲ್ಲಿ ಹೊರಿಸುವ ಪದ್ಧತಿಯನ್ನು ನಿಲ್ಲಿಸಲಿಕ್ಕೆಂದೇ ಈ ದೇಶ 2013ರಲ್ಲಿ ಕಾನೂನು ಮಾಡಿದೆ. ಆ ಮೇಲೂ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಇಳಿದವರು ಸಾಯುತ್ತಲೇ ಇದ್ದರು. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು.

ಹಾಗಾಗಿ ಹೊರಡುವ ಮೊದಲೇ ಮನೆಯ ಇಬ್ಬರು ಗಂಡಸರ ಹೆಸರು ಈ ಕೆಲಸಕ್ಕೆ ಗೊತ್ತಾಗಿರಲಿ. ರಬ್ಬರ್ ಗ್ಲೌಸ್, ಮಾಸ್ಕ್, ಸೋಪು, ಹಳೆ ಬಟ್ಟೆ ಒಂದು ಬಕೆಟಿನಲ್ಲಿ ಬೇರೆಯೇ ಇರಬೇಕು. ಬಿಸಿಲಿಗೆ ಟ್ಯಾಂಕಿನಲ್ಲಿ ಗ್ಯಾಸ್ ಸೇರಿಕೊಳ್ಳುತ್ತದೆ, ಮೊದಲು ಗಾಳಿ ಬಿಡುವ ಬಟನ್ ಒತ್ತಿ ನಂತರ ಮುಚ್ಚಳ ತೆಗೆಯಬೇಕು. ಹತ್ತು ನಿಮಿಷದ ಕೆಲಸ ಅಷ್ಟೆ.

ನಾಲ್ಕು ದಿನದ ಮಾದರಿ ಪ್ಲ್ಯಾನ್

ಮೊದಲ ದಿನ: ಮಂಗಳೂರು, ಚಾರ್ಮಾಡಿ, ಮೂಡಿಗೆರೆ, ಬೇಲೂರು, ಅರಸೀಕೆರೆ, ತಿಪಟೂರು ಮೂಲಕ ತುಮಕೂರು. ರಾತ್ರಿ ತುಮಕೂರಿನಲ್ಲೇ ಉಳಿಯುವುದು ಲೇಸು. ಜಿಲ್ಲಾ ಕೇಂದ್ರವಾದ್ದರಿಂದ ಲಾಡ್ಜ್ ಆಯ್ಕೆ ಹೆಚ್ಚು. ಮಳೆಗಾಲದಲ್ಲಿ ಘಾಟಿ ಸಂಚಾರದ ಬಗ್ಗೆ ಜಿಲ್ಲಾಡಳಿತದ ಆದೇಶ ನೋಡಿ ಹೊರಡಬೇಕು.

ಎರಡನೇ ದಿನ: ಸುಮಾರು 50 ಕಿ.ಮೀ. ದೂರದ ಶಿರಾ. ಅಲ್ಲಿ 17ನೇ ಶತಮಾನದ ಮಲಿಕ್ ರಿಹಾನ್ ಸಮಾಧಿ ಮತ್ತು ಜುಮ್ಮಾ ಮಸೀದಿ ನೋಡಬಹುದು. ನಂತರ ಮಡಕಶಿರಾ, ಹಿಂದೂಪುರ. ಲೇಪಾಕ್ಷಿ ಹಿಂದೂಪುರದಿಂದ ಸುಮಾರು 15 ಕಿ.ಮೀ. ರಾತ್ರಿ ಹಿಂದೂಪುರ. ಟ್ಯಾಂಕ್ ಇಲ್ಲಿ ಖಾಲಿ ಮಾಡಬೇಕು.

ಮೂರನೇ ದಿನ: ಬೆಳಗ್ಗೆ ಪೆನುಕೊಂಡದ ಬಾಬಾ ಫಕ್ರುದ್ದೀನ್ ದರ್ಗಾ ಝಿಯಾರತ್. ನಂತರ ಕಲ್ಯಾಣದುರ್ಗ ಮೂಲಕ ರಾಯದುರ್ಗ. ಇದು ಟ್ರಿಪ್‌ನ ಉದ್ದದ, ಬಿಸಿಲಿನ, ಟಾಯ್ಲೆಟ್ ಕಡಿಮೆ ಸಿಗುವ ಭಾಗ. ಪೆನುಕೊಂಡ ಬಿಡುವಾಗ ಟ್ಯಾಂಕ್ ಖಾಲಿಯಾಗಿರಬೇಕು, ಕುಡಿಯುವ ನೀರು ತುಂಬಿರಬೇಕು. ಕಲ್ಯಾಣದುರ್ಗದಲ್ಲಿ ಎಲ್ಲರೂ ಇಳಿಯಬೇಕು. ರಾತ್ರಿ ರಾಯದುರ್ಗ. ವ್ಯಾಪಾರದ ಕೆಲಸ ಇಲ್ಲದವರು ಬಳ್ಳಾರಿಗೆ ಹೋಗಿ ಉಳಿಯಬಹುದು.

ನಾಲ್ಕನೇ ದಿನ: ಮೊಳಕಾಲ್ಮೂರು, ಚಳ್ಳಕೆರೆ, ಚಿತ್ರದುರ್ಗ ದಾರಿಯಾಗಿ ವಾಪಸ್. ವಯಸ್ಸಾದವರು ಇದ್ದರೆ ಚಿತ್ರದುರ್ಗದಲ್ಲಿ ಇನ್ನೊಂದು ರಾತ್ರಿ ಕಳೆಯುವುದು ಒಳ್ಳೆಯದು.

ಹೊರಡುವ ಮುನ್ನ

ಬಾಡಿಗೆ ಗಾಡಿಯಾದರೆ ಆಂಧ್ರಕ್ಕೆ ಹೋಗುವ ಪರ್ಮಿಟ್ ಉಂಟಾ ಎಂದು ಮಾಲಕರಲ್ಲಿ ಕೇಳಬೇಕು. ಸ್ವಂತ ಗಾಡಿಯೊಳಗೆ ಟಾಯ್ಲೆಟ್ ರೂಮ್ ಕಟ್ಟಿಸುವುದಾದರೆ ಆರ್‌ಟಿಒ ಅನುಮತಿ ಇಲ್ಲದೆ ಮಾಡಬಾರದು. ಮೋಟಾರು ವಾಹನ ಕಾಯ್ದೆ ಅದಕ್ಕೆ ಬಿಡುವುದಿಲ್ಲ. ತೆಗೆದಿಡುವ ಪೋರ್ಟಬಲ್‌ಗೆ ಆ ರಗಳೆ ಇಲ್ಲ. ಮೂರೂ ರಾತ್ರಿಯ ಲಾಡ್ಜ್‌ಗೆ ಮೊದಲೇ ಫೋನ್ ಮಾಡಿ ಮೂರು ಪ್ರಶ್ನೆ ಕೇಳಬೇಕು: ಕೂರುವ ಕಮೋಡ್ ಉಂಟಾ? ಕೆಳ ಮಹಡಿಯಲ್ಲಿ ರೂಮ್ ಸಿಗ್ತದಾ? ಟ್ಯಾಂಕ್ ಖಾಲಿ ಮಾಡಬಹುದಾ?

ಹೆದ್ದಾರಿ ಬದಿ ಹೋಟೆಲ್ ನಡೆಸುವ ಸಮುದಾಯದ ಯುವಕರು ಇದರಲ್ಲಿ ಒಂದು ವ್ಯಾಪಾರವನ್ನೂ ನೋಡಬಹುದು. ಸೆಪ್ಟಿಕ್ ಟ್ಯಾಂಕಿಗೆ ಸೇರಿಸಿದ ಮುಚ್ಚಳದ ಗುಂಡಿ, ಒಂದು ನಳ್ಳಿ, ಹೆಂಗಸರಿಗೆ ಚಿಲಕ ಸರಿ ಇರುವ ಎರಡು ಕ್ಲೀನ್ ಟಾಯ್ಲೆಟ್, "ಇಲ್ಲಿ ಖಾಲಿ ಮಾಡಬಹುದು" ಎಂಬ ಬೋರ್ಡ್. ಟಾಯ್ಲೆಟ್‌ಗೆಂದು ನಿಂತ ಗಾಡಿಯವರು ಚಾ ಕುಡಿಯದೆ ಹೋಗುವುದಿಲ್ಲ. ಮನೆಯ ಹೆಂಗಸರೂ ದಾರಿಯುದ್ದಕ್ಕೂ ಹೆದರದೆ ನೀರು ಕುಡಿಯಬಹುದು.