ಬೆಂಗಳೂರಿನ ವ್ಯಾಪಾರ ಪ್ರದೇಶಗಳ ಯೋಜನೆ

ಬೆಂಗಳೂರಿನಲ್ಲಿ ವ್ಯಾಪಾರಕ್ಕೆಂದು ಜಾಗ ಗೊತ್ತುಮಾಡುವ ಪದ್ಧತಿ ಊರಿನಷ್ಟೇ ಹಳೆಯದು. 16ನೆಯ ಶತಮಾನದಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆಯ ಬೆನ್ನೆಲುಬು ದೊಡ್ಡಪೇಟೆ ಮತ್ತು ಚಿಕ್ಕಪೇಟೆ ಎಂಬ ಎರಡು ಬೀದಿಗಳು. ಅವುಗಳ ಸುತ್ತ ಸರಕಿಗೊಂದು, ಕಸುಬಿಗೊಂದು ಕೇರಿ ಬೆಳೆಯಿತು: ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ. ಒಂದೇ ಸರಕಿನವರು ಒಂದೆಡೆ ನೆಲೆಸಿದ್ದರಿಂದ ಕೊಳ್ಳುವವರು ನಾಲ್ಕು ಅಂಗಡಿಯಲ್ಲಿ ಬೆಲೆ ವಿಚಾರಿಸಬಹುದಿತ್ತು. ಮಾರುವವರಿಗೆ ಕೈಸಾಲವೂ ಕೂಲಿಯಾಳೂ ಹತ್ತಿರದಲ್ಲೇ ಸಿಗುತ್ತಿದ್ದವು. ಮಳಿಗೆಯ ಹಿಂದೆಯೋ ಮೇಲೆಯೋ ಸಂಸಾರ ಇರುತ್ತಿತ್ತು. ಸಗಟು ವ್ಯಾಪಾರದ ದೊಡ್ಡ ಪಾಲು ಯಶವಂತಪುರದ ಎಪಿಎಂಸಿ ಪ್ರಾಂಗಣಕ್ಕೆ ಹೋದರೂ ಪೇಟೆಯ ಗಿರಾಕಿ ಕರಗಿಲ್ಲ. ಈ ಏರ್ಪಾಡಿನ ಗಟ್ಟಿತನವನ್ನು ಮುಂದಿನ ಯೋಜಕರು ಸಾಕಷ್ಟು ಗಮನಿಸಲಿಲ್ಲ.

1809ರಲ್ಲಿ ಬ್ರಿಟಿಷರ ದಂಡು ಬಂದಮೇಲೆ ಊರಿಗೆ ಎರಡನೆಯ ಮಾರುಕಟ್ಟೆ ಹುಟ್ಟಿತು. ಇಂದಿನ ಮಹಾತ್ಮಾ ಗಾಂಧಿ ರಸ್ತೆ ಮತ್ತು ಕಮರ್ಷಿಯಲ್ ಸ್ಟ್ರೀಟ್ ಅದರ ಬಳುವಳಿ. 1949ರವರೆಗೆ ಪೇಟೆಗೂ ದಂಡಿಗೂ ಬೇರೆ ಬೇರೆ ಪೌರಾಡಳಿತ. 1920ರ ದಶಕದ ಕೊನೆಯಲ್ಲಿ ದಂಡಿಗೆ ರಸೆಲ್ ಮಾರ್ಕೆಟ್, ಪೇಟೆಗೆ ಕೃಷ್ಣರಾಜೇಂದ್ರ ಮಾರುಕಟ್ಟೆ ಬಂದುದನ್ನು ಈ ಹಿನ್ನೆಲೆಯಲ್ಲೇ ನೋಡಬೇಕು.

1898ರ ಪ್ಲೇಗು ಯೋಜನೆಯ ದಿಕ್ಕನ್ನೇ ಬದಲಿಸಿತು. ಇಕ್ಕಟ್ಟಿನಿಂದ ಜನರನ್ನು ಹೊರತರಲು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳನ್ನು ಬೆಳೆಸಲಾಯಿತು. ಮನೆಯೇ ಮುಖ್ಯವಾದ ಈ ವಿಸ್ತರಣೆಗಳಲ್ಲಿ ಗಾಂಧಿ ಬಜಾರಿನಂಥ ಬೀದಿಗಳು ದಿನಬಳಕೆಯ ವ್ಯಾಪಾರವನ್ನು ಹೊತ್ತವು. 1945ರಲ್ಲಿ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿ ಸ್ಥಾಪನೆಯಾದಮೇಲೆ ರೂಪುಗೊಂಡ ಜಯನಗರ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಡೀ ಬಡಾವಣೆಗೆ ನಾಲ್ಕನೆಯ ಬ್ಲಾಕು ವ್ಯಾಪಾರದ ನಡುಮನೆಯಾಯಿತು: ಹೂವು, ತರಕಾರಿ, ಬಟ್ಟೆ, ಪಕ್ಕದಲ್ಲೇ ಬಸ್ ನಿಲ್ದಾಣ. ನಗರದ ಯೋಜಿತ ವ್ಯಾಪಾರ ಕೇಂದ್ರಗಳಲ್ಲಿ ಇದಕ್ಕೆ ಸರಿಗಟ್ಟುವುದು ಇನ್ನೂ ಬಂದಿಲ್ಲ.

1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ನೆಲದ ಬಳಕೆಯನ್ನು ವಲಯಗಳಾಗಿ ವಿಂಗಡಿಸುವ ಅಧಿಕಾರ ಕೊಟ್ಟಿತು. 1976ರಲ್ಲಿ ಹುಟ್ಟಿದ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಬಡಾವಣೆಗಳಲ್ಲಿ ವಾಣಿಜ್ಯ ಸಂಕೀರ್ಣಗಳನ್ನು ಕಟ್ಟಿತು. ಆದರೆ ಇಂದಿರಾನಗರ, ಕೋರಮಂಗಲಗಳ ಅಗಲ ರಸ್ತೆಗಳಲ್ಲಿ ಮನೆಗಳೇ ಅಂಗಡಿಗಳಾಗುತ್ತ ಹೋದವು. 2007ರಲ್ಲಿ ಜಾರಿಗೆ ಬಂದ ಪರಿಷ್ಕೃತ ಮಹಾಯೋಜನೆ 2015 ರಸ್ತೆಯ ಅಗಲ ನೋಡಿ ವಸತಿ ವಲಯದಲ್ಲೂ ವ್ಯಾಪಾರಕ್ಕೆ ಅವಕಾಶ ನೀಡಿದಾಗ ನಿವಾಸಿಗಳ ಸಂಘಗಳು ನ್ಯಾಯಾಲಯದ ಮೆಟ್ಟಿಲೇರಿದವು. ವಾಹನಗಳ ಗದ್ದಲ, ನಿಲುಗಡೆಯ ಜಗಳ ಅವರ ನಿಜವಾದ ಸಂಕಟ.

ಈ ನಕ್ಷೆಗಳೆಲ್ಲದರಲ್ಲೂ ತಳ್ಳುಗಾಡಿಯವರಿಗೆ, ಬುಟ್ಟಿಯಿಟ್ಟು ಕೂರುವವರಿಗೆ ಜಾಗ ತೀರ ಕಡಿಮೆ. ಪಾಲಿಕೆಗಳು ವ್ಯಾಪಾರಿಗಳ ಪ್ರತಿನಿಧಿಗಳಿರುವ ಸಮಿತಿ ರಚಿಸಿ ಅವರಿಗೂ ವಲಯ ಗುರುತಿಸಬೇಕೆಂದು 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ವಿಧಿಸಿದೆ.