ಉತ್ತರ ಬಾರದ ಓಲೆಗಳು: ಚಿತ್ರದುರ್ಗದ ಪತನ ಮತ್ತು 1780ರ ಯುದ್ಧ

ಚಳ್ಳಕೆರೆಗೆ ಹತ್ತಿರದ ದೊಡ್ಡೇರಿಯಲ್ಲಿ 1695ರ ಕೊನೆಯ ಹೊತ್ತಿಗೆ ಮೊಗಲರ ದಂಡೊಂದು ನೆಲಕಚ್ಚಿತು. ಮರಾಠ ಸೇನಾನಿ ಸಂತಾಜಿ ಘೋರ್ಪಡೆ ಖಾಸಿಂಖಾನನ ಸೈನ್ಯವನ್ನು ಅಲ್ಲಿನ ಸಣ್ಣ ಕೋಟೆಯೊಳಗೆ ಸಿಕ್ಕಿಸಿ, ಅನ್ನ ಮೇವು ಎರಡನ್ನೂ ತಡೆದ. ಖಾಸಿಂಖಾನ್ ಅಲ್ಲಿಯೇ ಸತ್ತ. ಉಳಿದವರು ಹಣ ಕೊಡಲೊಪ್ಪಿ ಜೀವ ಉಳಿಸಿಕೊಂಡರು. ಸಂತಾಜಿಯ ಬೆಂಬಲಕ್ಕೆ ನಿಂತವನು ಚಿತ್ರದುರ್ಗದ ಭರಮಪ್ಪ ನಾಯಕ. ಎರಡು ದೊಡ್ಡ ಶಕ್ತಿಗಳ ನಡುವೆ ಯಾರ ಪಕ್ಷ ಹಿಡಿಯಬೇಕೆಂಬ ಅವನ ಲೆಕ್ಕಾಚಾರ ಆ ಸಲ ಫಲಿಸಿತು. ಎಂಬತ್ತು ಚಿಲ್ಲರೆ ವರ್ಷಗಳ ಬಳಿಕ ಅಂಥದೇ ಲೆಕ್ಕಾಚಾರ ಆ ಮನೆತನದ ಆಳ್ವಿಕೆಯನ್ನೇ ಮುಗಿಸಿತು.

1779ರ ಆ ಪತನವನ್ನು ಕನ್ನಡಿಗರು ಸಾಮಾನ್ಯವಾಗಿ ಕೋಟೆಯ ಕಥೆಯಾಗಿ ಬಲ್ಲರು. ಒನಕೆ ಓಬವ್ವನ ಸಾಹಸ, ಒಳಗಿನವರ ದ್ರೋಹ, ಕೊನೆಯ ಮದಕರಿ ನಾಯಕನ ಸೆರೆ ಜನಪದದಲ್ಲಿ ಉಳಿದಿವೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು. ಅವರ ‘ದುರ್ಗಾಸ್ತಮಾನ’ ಆ ದುಃಖವನ್ನು ಮನೆಮನೆಗೆ ತಲುಪಿಸಿತು. ಆದರೆ ಕೋಟೆಗೆ ಫಿರಂಗಿ ಬರುವ ಮುಂಚೆ ಓಲೆಗಳು ಬಂದಿದ್ದವು, ವಕೀಲರು (ರಾಯಭಾರಿಗಳು) ಬಂದಿದ್ದರು, ಕರಾರುಗಳು ಆಗಿದ್ದವು. ಅವು ಮುರಿದ ಬಗೆಯನ್ನು ನೋಡದೆ ಆ ಪತನವೂ ಅರ್ಥವಾಗದು, ಮರುವರ್ಷ ದಕ್ಷಿಣ ಭಾರತವನ್ನೆಲ್ಲ ಸುಟ್ಟ ಎರಡನೆಯ ಮೈಸೂರು ಯುದ್ಧವೂ ಅರ್ಥವಾಗದು. ಎರಡರ ಬೇರೂ ಒಂದೇ ಎಂಬುದು ಈ ಲೇಖನದ ವಾದ.

ಆ ಬೇರು ಮದರಾಸಿನಲ್ಲಿದೆ. 1769ರ ವಸಂತದಲ್ಲಿ ಮೈಸೂರನ್ನು ಆಳುತ್ತಿದ್ದ ಹೈದರ್ ಅಲಿ ತನ್ನ ಕುದುರೆ ದಳದೊಂದಿಗೆ ಮದರಾಸಿನ ಬಾಗಿಲಿಗೇ ಬಂದು ನಿಂತಾಗ ಈಸ್ಟ್ ಇಂಡಿಯಾ ಕಂಪನಿಯವರು ಗಾಬರಿಯಿಂದ ಒಪ್ಪಂದಕ್ಕೆ ಸಹಿ ಹಾಕಿದರು. ಒಬ್ಬರ ಮೇಲೆ ದಾಳಿಯಾದರೆ ಇನ್ನೊಬ್ಬರು ನೆರವಿಗೆ ಬರಬೇಕು ಎಂಬುದು ಅದರ ಜೀವಾಳ. ಹೈದರನಿಗೆ ಬೇಕಾಗಿದ್ದದ್ದೂ ಅದೊಂದೇ, ಏಕೆಂದರೆ ಅವನ ನಿಜವಾದ ಭಯ ಪುಣೆಯ ಮರಾಠರ ಕಡೆಯಿಂದ ಇತ್ತು. ಪೇಶ್ವೆ ಮಾಧವರಾಯನ ದಂಡು ಮರುವರ್ಷವೇ ಮೈಸೂರಿನ ಮೇಲೆ ಬಿತ್ತು. 1771ರ ಮಾರ್ಚ್‌ನಲ್ಲಿ ಚಿನಕುರಳಿಯ ಬಳಿ ಹೈದರ್ ನುಚ್ಚುನೂರಾದ. ನೆರವಿಗಾಗಿ ಅವನು ಮದರಾಸಿಗೆ ಮತ್ತೆ ಮತ್ತೆ ಬರೆದ. ಸೈನ್ಯ ಬರಲಿಲ್ಲ.

ಏಕೆ ಬರಲಿಲ್ಲ? ಮದರಾಸಿನ ಕೌನ್ಸಿಲ್ ಒಂದು ಬಾಯಿಂದ ಮಾತನಾಡುವ ಸ್ಥಿತಿಯಲ್ಲೇ ಇರಲಿಲ್ಲ. ಇಂಗ್ಲೆಂಡಿನ ದೊರೆ ಆರ್ಕಾಟಿನ ನವಾಬ ಮುಹಮ್ಮದ್ ಅಲಿಯ ದರ್ಬಾರಿಗೆ ಸರ್ ಜಾನ್ ಲಿಂಡ್ಸೆಯನ್ನು ತನ್ನ ಪ್ರತಿನಿಧಿಯಾಗಿ ಕಳಿಸಿದ್ದ. ಹೈದರನನ್ನು ಕಂಡರಾಗದ ನವಾಬನ ಮಾತಿಗೆ ಕಿವಿಗೊಟ್ಟ ಲಿಂಡ್ಸೆ, ಮರಾಠರ ಜೊತೆ ಸೇರಿ ಎಂದು ಒತ್ತಾಯಿಸುತ್ತಿದ್ದ. ಕಂಪನಿಯ ಅಧಿಕಾರಿಗಳಿಗೆ ಅದು ಬೇಡ, ಹೈದರನಿಗೆ ಕೊಟ್ಟ ಮಾತು ನಡೆಸುವುದೂ ಬೇಡ. ಹೀಗೆ ಯಾರೂ ಇಲ್ಲ ಎನ್ನಲಿಲ್ಲ, ಯಾರೂ ಹೂಂ ಎನ್ನಲೂ ಇಲ್ಲ. ಆ ಮೌನ ಹೈದರನ ಮನಸ್ಸಿನಲ್ಲಿ ಉಳಿಯಿತು. 1772ರಲ್ಲಿ ಅವನು ಅಪಾರ ಹಣವನ್ನೂ ಸೀಮೆಗಳನ್ನೂ ತೆತ್ತು ಮರಾಠರಿಂದ ಬಿಡಿಸಿಕೊಂಡ.

ಇದೇ ಕಾಲದಲ್ಲಿ ಚಿತ್ರದುರ್ಗದ ಸ್ಥಿತಿ ಹೇಗಿತ್ತು? 1754ರಲ್ಲಿ ಪಟ್ಟಕ್ಕೆ ಬಂದ ಮದಕರಿ ನಾಯಕ 1762ರಲ್ಲಿ ಹೈದರನಿಗೆ ತಲೆಬಾಗಿ ಕಪ್ಪ ಕೊಡಲೊಪ್ಪಿದ್ದ. ಆದರೆ ಮರಾಠರು ದಕ್ಷಿಣಕ್ಕಿಳಿದಾಗಲೆಲ್ಲ ಅವರ ದಂಡಿನ ದಾರಿ ಅವನ ನಾಡಿನ ಮೇಲೆಯೇ. 1770ರಲ್ಲಿ ಪೇಶ್ವೆಗೆ ಮಣಿಯದೆ ನಿಂತಿದ್ದ ನಿಜಗಲ್ಲಿನ ಕೋಟೆಯನ್ನು ಹತ್ತಿ ಗೆದ್ದುಕೊಟ್ಟವರು ಮದಕರಿಯ ಬೇಡಪಡೆಯವರೇ. ಇತ್ತ ನೆರೆಯವರಲ್ಲಿ ನೆಚ್ಚಬಹುದಾದವರು ಕಡಿಮೆ. ಮೊಳಕಾಲ್ಮೂರಿನ ಬೆನ್ನಿಗೇ ಇರುವ ರಾಯದುರ್ಗದವರಿಗೂ ಹರಪನಹಳ್ಳಿಯವರಿಗೂ ದುರ್ಗದೊಂದಿಗೆ ತಲೆಮಾರುಗಳ ಹಗೆ; ದುರ್ಗದ ಹಿಂದಿನ ಅರಸ ಹಿರೇ ಮದಕರಿ ನಾಯಕ ಮಾಯಕೊಂಡದ ಕಾಳಗದಲ್ಲಿ ಮಡಿದದ್ದು ಹರಪನಹಳ್ಳಿಯವರೊಡನೆ ಹೋರಾಡುತ್ತಲೇ. 1775ರಲ್ಲಿ ಬಳ್ಳಾರಿ, 1776ರಲ್ಲಿ ಮರಾಠ ಸರದಾರ ಮುರಾರಿರಾಯನ ಗುತ್ತಿ ಹೈದರನ ಕೈಸೇರಿದವು. ಉತ್ತರಕ್ಕೂ ಮೂಡಲಿಗೂ ಇದ್ದ ಆಸರೆ ಹೀಗೆ ಕಳಚಿತು.

ಓಲೆಗಳ ಮರ್ಯಾದೆ ಈ ಸೀಮೆಗೆ ಹೊಸದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಕಾಲದ ಶಾಸನವಿದೆ. ಅದರಲ್ಲಿ ಸುವರ್ಣಗಿರಿಯ ಆರ್ಯಪುತ್ರನೂ (ರಾಜಕುಮಾರ) ಮಹಾಮಾತ್ರರೂ (ಅಧಿಕಾರಿಗಳು) ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸಿ ಆಮೇಲೆ ಆಜ್ಞೆ ತಿಳಿಸುತ್ತಾರೆ. ಹದಿನೆಂಟನೆಯ ಶತಮಾನದ ದರ್ಬಾರುಗಳಲ್ಲೂ ಕುಶಲ ಪ್ರಶ್ನೆಗೆ, ಶಾಲು ಉಡುಗೊರೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಓಲೆಯ ಕೆಳಭಾಗದಲ್ಲಿ, ಅಂದರೆ ಬರೆದದ್ದನ್ನು ನಡೆಸಿಕೊಡುವ ಭರವಸೆಯಲ್ಲಿ.

1777ರಲ್ಲಿ ಮರಾಠರೂ ಹೈದರಾಬಾದಿನ ನಿಜಾಮನೂ ಒಟ್ಟಾಗಿ ಮೈಸೂರಿನ ಮೇಲೆ ಬರುವ ಸುದ್ದಿ ಹರಡಿತು. ಹೈದರ್ ಎಂದಿನಂತೆ ಮದಕರಿಗೆ ಸೈನ್ಯ ಕಳಿಸಲು ಹೇಳಿದ. ಮದಕರಿ ತಡಮಾಡಿದ. ಇದನ್ನು ದ್ರೋಹ ಎನ್ನುವವರಿದ್ದಾರೆ. ಆದರೆ ಗೆಲ್ಲುವವರು ಯಾರೆಂದು ತಿಳಿಯದ ಸಣ್ಣ ಅರಸನಿಗೆ ವಿಳಂಬವಲ್ಲದೆ ಬೇರೆ ಯಾವ ರಾಜನೀತಿ ಉಳಿದಿತ್ತು? ಅವನ ತಪ್ಪು ತಡಮಾಡಿದ್ದರಲ್ಲಿ ಇಲ್ಲ. ತನ್ನ ಇಕ್ಕಟ್ಟನ್ನು ಹೈದರನಿಗೆ ಒಪ್ಪಿಸಬಲ್ಲ ಸಂಧಾನದ ದಾರಿಯನ್ನು ಉಳಿಸಿಕೊಳ್ಳದೆ ಹೋದದ್ದರಲ್ಲಿ ಇದೆ. ಹೈದರನ ತಪ್ಪೂ ಸಣ್ಣದಲ್ಲ. 1771ರಲ್ಲಿ ಮದರಾಸಿನ ವಿಳಂಬಕ್ಕೆ ಬೆಲೆ ತೆತ್ತವನು ಅವನು. ಆಮೇಲೆ ಯಾರ ವಿಳಂಬವನ್ನೂ ಅವನು ಹಗೆತನವೆಂದಲ್ಲದೆ ಬೇರೆ ರೀತಿ ಓದದಾದ.

ಮರಾಠರ ಭಯ ಕಳೆದೊಡನೆ ಅವನು ದುರ್ಗಕ್ಕೆ ಮುತ್ತಿಗೆ ಹಾಕಿದ. ತಿಂಗಳುಗಟ್ಟಲೆ ನಡೆದ ಮೊದಲ ಮುತ್ತಿಗೆ ಭಾರೀ ದಂಡದ ಕರಾರಿನಲ್ಲಿ ನಿಂತಿತು. ಅಷ್ಟರಲ್ಲಿ ಮರಾಠ ಸೈನ್ಯ ಮತ್ತೆ ಬರುವ ಸುದ್ದಿ ಕೇಳಿ ಹೈದರ್ ಅತ್ತ ತಿರುಗಿದ. ಮದಕರಿಗೆ ಮತ್ತೆ ಆಸೆ ಹುಟ್ಟಿತು, ಹೈದರನಿಗೆ ಮತ್ತೆ ಅನುಮಾನ ಹುಟ್ಟಿತು. ಎರಡನೆಯ ಸಲ ಕರಾರಿನ ಮಾತೇ ಬರಲಿಲ್ಲ. 1779ರಲ್ಲಿ, ನಾಯಕನ ಸೇವೆಯಲ್ಲಿದ್ದ ಪಡೆಯ ಒಂದು ಭಾಗವನ್ನು ಒಲಿಸಿಕೊಂಡು, ಹೈದರ್ ಕೋಟೆ ಹಿಡಿದ. ಮದಕರಿ ಕುಟುಂಬಸಮೇತ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಸುಮಾರು 20,000 ಮಂದಿ ಬೇಡರನ್ನು ಸೀಮೆಯಿಂದ ಎಬ್ಬಿಸಿ ಅತ್ತ ಸಾಗಿಸಿದರೆಂದೂ ಅವರ ಮಕ್ಕಳನ್ನು ಸೆರೆಯಾಳು ಹುಡುಗರ ‘ಚೇಲಾ’ ಪಡೆಗೆ ಸೇರಿಸಿದರೆಂದೂ ಬ್ರಿಟಿಷ್ ಅಧಿಕಾರಿ ವಿಲ್ಕ್ಸ್ ತನ್ನ ಮೈಸೂರಿನ ಚರಿತ್ರೆಯಲ್ಲಿ ಬರೆದಿದ್ದಾನೆ. ಕೈತಪ್ಪಿದ ಸಂಧಾನದ ಬೆಲೆಯನ್ನು ಈ ಬಯಲುಸೀಮೆಯ ಹಳ್ಳಿಗಳು ತೆತ್ತವು.

ಅದೇ ವರ್ಷ ದೊಡ್ಡ ಅಂಗಳದಲ್ಲಿ ಎಡವಟ್ಟುಗಳು ಒಂದರ ಮೇಲೊಂದು ಬಿದ್ದವು. ಅಮೆರಿಕದ ಸ್ವಾತಂತ್ರ್ಯ ಯುದ್ಧಕ್ಕೆ ಫ್ರಾನ್ಸ್ ಧುಮುಕಿದ್ದರಿಂದ ಕಂಪನಿ ಇಲ್ಲಿನ ಫ್ರೆಂಚ್ ನೆಲೆಗಳ ಮೇಲೆ ಬಿದ್ದು, 1779ರ ಮಾರ್ಚ್‌ನಲ್ಲಿ ಮಾಹೆಯನ್ನು ಹಿಡಿಯಿತು. ಹೈದರನಿಗೆ ಹೊರದೇಶದಿಂದ ಯುದ್ಧ ಸಾಮಗ್ರಿ ಬರುತ್ತಿದ್ದದ್ದು ಆ ಬಂದರಿನಿಂದ. ಅದು ತನ್ನ ರಕ್ಷಣೆಯಲ್ಲಿದೆಯೆಂದು ಅವನು ಮೊದಲೇ ಎಚ್ಚರಿಸಿದ್ದ. ಬಳಿಕ ಮದರಾಸಿನವರು ನಿಜಾಮನ ತಮ್ಮ ಬಸಾಲತ್ ಜಂಗನಿಂದ ಗುಂಟೂರನ್ನು ಪಡೆದರು. ಅವನ ನೆರವಿಗೆಂದು ಕಳಿಸಿದ ಪಡೆಯನ್ನು ಹೈದರನ ಕಡಪ ಸೀಮೆಯೊಳಗಿಂದ, ಅವನನ್ನು ಕೇಳದೆಯೇ, ನಡೆಸಲು ಹೊರಟರು. ಒಂದೇ ಹೆಜ್ಜೆಗೆ ನಿಜಾಮನೂ ಹೈದರನೂ ಕೆರಳಿದರು. ಪುಣೆಯ ಉತ್ತರಾಧಿಕಾರದ ಜಗಳಕ್ಕೆ ಕೈಹಾಕಿದ್ದ ಬೊಂಬಾಯಿಯವರು ಮರಾಠರನ್ನು ಅದಾಗಲೇ ಕೆರಳಿಸಿದ್ದರು. ಒಬ್ಬರನ್ನೊಬ್ಬರು ಕಂಡರಾಗದ ಮೂವರು 1780ರ ಆರಂಭಕ್ಕೆ ಕಂಪನಿಯ ವಿರುದ್ಧ ಒಂದಾದರು. ಕಲ್ಕತ್ತ, ಬೊಂಬಾಯಿ, ಮದರಾಸು ತಮತಮಗೆ ತೋಚಿದಂತೆ ಬೇರೆ ಬೇರೆ ರಾಯಭಾರ ನಡೆಸಿದ್ದರ ಫಲವಿದು.

ಮಾತಿಗೆ ಅವಕಾಶವೇ ಇರಲಿಲ್ಲವೆಂದಲ್ಲ. ಮದರಾಸಿನ ಗವರ್ನರ್ ರಂಬೋಲ್ಡ್ 1779ರಲ್ಲಿ ಶ್ವಾರ್ಟ್ಸ್ ಎಂಬ ಜರ್ಮನ್ ಪಾದ್ರಿಯನ್ನು ಶ್ರೀರಂಗಪಟ್ಟಣಕ್ಕೆ ಕಳಿಸಿದ. ಹೈದರ್ ಆ ಪಾದ್ರಿಯನ್ನು ಗೌರವದಿಂದ ಕಂಡು, ಮದರಾಸಿನ ಒಪ್ಪಂದ ಮುರಿದದ್ದರಿಂದ ಹಿಡಿದು ತನ್ನ ದೂರುಗಳನ್ನೆಲ್ಲ ಹೇಳಿಕೊಂಡ. ಆದರೆ ಪಾದ್ರಿಯ ಕೈಯಲ್ಲಿ ಸಮಾಧಾನದ ಮಾತಿತ್ತೇ ಹೊರತು ಯಾವುದನ್ನೂ ಕೊಡುವ ಅಧಿಕಾರ ಇರಲಿಲ್ಲ. ಶಾಂತಿಗೆ ಭಂಗವಿಲ್ಲವೆಂದು ನಂಬಿಸಿ ರಂಬೋಲ್ಡ್ 1780ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದ. ಜುಲೈಯಲ್ಲಿ ಹೈದರನ ಸೇನೆ ಘಟ್ಟವಿಳಿಯಿತು. ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕಂಪನಿಯ ಕರ್ನಲ್ ಬೈಲಿಯ ಪಡೆ ಧೂಳೀಪಟವಾಯಿತು. ಯುದ್ಧವನ್ನು ಮುಗಿಸಿದ 1784ರ ಮಾರ್ಚ್ 11ರ ಮಂಗಳೂರು ಒಪ್ಪಂದದಲ್ಲಿ ಎರಡೂ ಕಡೆಯವರು ಗೆದ್ದದ್ದನ್ನು ಹಿಂದಿರುಗಿಸಿ ಹೊರಟಲ್ಲಿಗೇ ಬಂದು ನಿಂತರು. ಅದನ್ನು ನೋಡಲು ಹೈದರ್ ಬದುಕಿರಲಿಲ್ಲ.

ದುರ್ಗದ ಬಖೈರುಗಳು (ಸ್ಥಳೀಯ ವೃತ್ತಾಂತಗಳು), ಪುಣೆಯ ಪೇಶ್ವೆ ದಫ್ತರದ ಮೋಡಿ ಲಿಪಿಯ ಕಾಗದಗಳು, ಚೆನ್ನೈನಲ್ಲಿರುವ ಮದರಾಸು ಕೌನ್ಸಿಲಿನ ದಾಖಲೆಗಳು ಮೂರೂ ಇದೇ ದಶಕದ ಬಗ್ಗೆ ಮಾತನಾಡುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಯುವ ಸಂಶೋಧಕರು ಮೋಡಿ ಲಿಪಿ ಕಲಿತು ಈ ಮೂರನ್ನೂ ಎದುರುಬದುರು ಇಟ್ಟು ಓದುವ ಕೆಲಸಕ್ಕೆ ಇಳಿಯಬೇಕು. ಅವರಿಗೆ ಬೇಕಾದ ತರಬೇತಿಯನ್ನೂ ವೇತನವನ್ನೂ ನಮ್ಮ ವಿಶ್ವವಿದ್ಯಾಲಯಗಳು ಒದಗಿಸಬೇಕು.