ಅಬಲೂರಿನ ಶಾಸನ ಮತ್ತು ಒಂದು ಪತ್ರಿಕೆಯ ಹಟ

ಹಾವೇರಿ ಜಿಲ್ಲೆಯ ಹಿರೇಕೆರೂರು ತಾಲ್ಲೂಕಿನ ಅಬಲೂರು ಸರ್ವಜ್ಞನ ಹುಟ್ಟೂರೆಂಬ ಪ್ರತೀತಿಯಿಂದ ಸಾಮಾನ್ಯ ಓದುಗರಿಗೆ ಪರಿಚಿತವಾಗಿದ್ದರೆ, ಇತಿಹಾಸಕಾರರಿಗೆ ಅದು ಮುಖ್ಯವಾಗಿ ಶಿವಭಕ್ತ ಏಕಾಂತದ ರಾಮಯ್ಯನ ಶಾಸನದ ಊರು. ಸೋಮೇಶ್ವರ ದೇವಾಲಯದ ಈ ದೀರ್ಘ ಶಾಸನವು ವಿದ್ವಜ್ಜಗತ್ತಿನ ಚರ್ಚೆಗೆ ಒದಗಿದ್ದು ‘ಎಪಿಗ್ರಾಫಿಯ ಇಂಡಿಕ’ ಎಂಬ ಪತ್ರಿಕೆಯ 5ನೆಯ ಸಂಪುಟದ (1898–99) ಮೂಲಕ. ಕಲ್ಲು ಮತ್ತು ತಾಮ್ರಪಟಗಳ ಬರಹವನ್ನಷ್ಟೇ ನೆಚ್ಚಿಕೊಂಡ ಇಂಥ ಪತ್ರಿಕೆ ಬೆರಳೆಣಿಕೆಯ ಆಸಕ್ತರಿಗೆ ಮಾತ್ರ ಬೇಕಾದುದು, ಅದರ ಪುಟಗಳಲ್ಲಿ ವಿವರವೇ ತುಂಬಿ ಕಥನ ಸೊರಗುತ್ತದೆ ಎಂಬ ಆಕ್ಷೇಪ ಸುಲಭವಾಗಿ ಏಳುತ್ತದೆ. ಆದರೆ ಆ ಸಂಪಾದನಾ ನೀತಿ ಎಷ್ಟು ಸರಿಯಾಗಿತ್ತು ಎಂಬುದಕ್ಕೆ ಅಬಲೂರಿಗಿಂತ ಒಳ್ಳೆಯ ಸಾಕ್ಷಿ ಸಿಗುವುದು ಕಷ್ಟ.

ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಿಂದ ಹೊರಡಿಸಿದ ‘ಇಂಡಿಯನ್ ಆಂಟಿಕ್ವೆರಿ’ ಶಾಸನ, ಜನಪದ, ಭಾಷೆ, ನಾಣ್ಯ ಎಲ್ಲಕ್ಕೂ ತೆರೆದಿದ್ದ ಮಾಸಪತ್ರಿಕೆಯಾಗಿತ್ತು. ಸಂಗೊಳ್ಳಿ ರಾಯಣ್ಣನ ಲಾವಣಿಯೂ 1880ರ ದಶಕದಲ್ಲಿ ಜೆ.ಎಫ್. ಫ್ಲೀಟ್ ಅವರ ಸಂಪಾದನೆಯಲ್ಲಿ ಅಚ್ಚಾದದ್ದು ಅಲ್ಲಿಯೇ. ಶಾಸನಗಳಿಗೆ ಪ್ರತ್ಯೇಕ ನೆಲೆ ಬೇಕೆಂದು 1888ರಲ್ಲಿ ‘ಎಪಿಗ್ರಾಫಿಯ ಇಂಡಿಕ’ ಆರಂಭವಾಯಿತು. ಹೀಗೆ ವ್ಯಾಪ್ತಿಯನ್ನು ಕುಗ್ಗಿಸಿಕೊಂಡದ್ದು ಬುದ್ಧಿಪೂರ್ವಕ ನಿರ್ಧಾರ. ಸಾಲುಸಾಲಾಗಿ ಎಣಿಸಿದ ಮೂಲಪಾಠ, ಅನುವಾದ, ಸಾಧ್ಯವಾದೆಡೆ ಪಡಿಯಚ್ಚಿನ ಚಿತ್ರ, ಅಂದರೆ ಒದ್ದೆ ಕಾಗದವನ್ನು ಕಲ್ಲಿನ ಮೇಲೆ ಒತ್ತಿ ಮಸಿ ಸವರಿ ತೆಗೆದ ಪ್ರತಿಯ ಚಿತ್ರ, ಇಷ್ಟಕ್ಕೂ ಬೇಕಾದಷ್ಟು ಪುಟಗಳನ್ನು ಎಲ್ಲವನ್ನೂ ಪ್ರಕಟಿಸುವ ಪತ್ರಿಕೆ ಕೊಡಲಾರದು.

ಫ್ಲೀಟ್ ವೃತ್ತಿಯಿಂದ ಸರ್ಕಾರಿ ಅಧಿಕಾರಿ. ಧಾರವಾಡ ಸೀಮೆಯ ಶಾಸನಗಳ ಮೇಲಿನ ಆಸ್ಥೆ ಅವರನ್ನು ವಿದ್ವಾಂಸರನ್ನಾಗಿಸಿತು. ಅವರು ಪ್ರಕಟಿಸಿದ ಅಬಲೂರು ಶಾಸನದ ಪ್ರಕಾರ, ಆಳಂದದಲ್ಲಿ ಹುಟ್ಟಿದ ರಾಮಯ್ಯ, ಹುಲಿಗೆರೆಯ, ಅಂದರೆ ಇಂದಿನ ಲಕ್ಷ್ಮೇಶ್ವರದ, ಸೋಮನಾಥನ ಅಪ್ಪಣೆಯಂತೆ ಅಬಲೂರಿಗೆ ಬಂದು, ಸಂಕಗಾವುಂಡನ ಮುಂದಾಳತನದ ಜೈನರೊಡನೆ ವಾದಕ್ಕಿಳಿದು, ಶಿರಸ್ಸನ್ನು ಶಿವನಿಗೊಪ್ಪಿಸಿ ಮರಳಿ ಪಡೆಯುವುದಾಗಿ ಓಲೆ ಬರೆಸಿಕೊಂಡು ಪಣ ತೊಟ್ಟನು. ಏಳನೆಯ ದಿನ ತಲೆ ಕಲೆಯಿಲ್ಲದೆ ಕೂಡಿತೆಂದು ಶಾಸನ ಹೇಳುತ್ತದೆ. ಜೈನರು ಓಲೆಯ ಮಾತಿಗೆ ತಪ್ಪಿದರೆಂದು ಅವನು ಜಿನಬಿಂಬವನ್ನು ಕೆಡವಿದಾಗ ದೂರು ದೊರೆ ಬಿಜ್ಜಳನ ಆಸ್ಥಾನಕ್ಕೆ ಹೋಗಿ, ಅಲ್ಲಿ ರಾಮಯ್ಯನಿಗೆ ಜಯಪತ್ರ, ಅಂದರೆ ಗೆಲುವನ್ನು ದೃಢೀಕರಿಸುವ ರಾಜಪತ್ರ, ದೊರೆಯಿತು. ಬಿಜ್ಜಳ, ಚಾಲುಕ್ಯ ನಾಲ್ವಡಿ ಸೋಮೇಶ್ವರ, ಹಾನಗಲ್ಲಿನ ಕದಂಬ ಕಾಮದೇವ ಮೂವರೂ ವೀರಸೋಮನಾಥ ದೇವರಿಗೆ ಕೊಟ್ಟ ದತ್ತಿಗಳು ಅಲ್ಲಿ ದಾಖಲಾಗಿವೆ. ಇದು ಗೆದ್ದವರ ಪಕ್ಷದ ಹೇಳಿಕೆಯೆಂಬುದನ್ನು ಓದುಗ ಮರೆಯುವಂತಿಲ್ಲ. ಸೋತ ಪಕ್ಷದ ಮಾತು ಕಲ್ಲಿನ ಮೇಲೆ ಉಳಿದಿಲ್ಲ.

ಪವಾಡವನ್ನೂ ದತ್ತಿಯ ಒಕ್ಕಣೆಯನ್ನೂ ಬಿಡದೆ ಇಡಿಯಾಗಿ ಅಚ್ಚು ಹಾಕಿದ್ದರಿಂದಲೇ ಹರಿಹರನ ‘ಏಕಾಂತ ರಾಮಿತಂದೆಯ ರಗಳೆ’ಯ ಜೊತೆ ಶಾಸನವನ್ನಿಟ್ಟು, ಕಾವ್ಯ ಎಲ್ಲಿ ಹಿಗ್ಗಿಸಿದೆ ಎಂದು ನೋಡುವುದು ಸಾಧ್ಯವಾಯಿತು. ದೇವಾಲಯದಲ್ಲಿರುವ, ಈ ಪ್ರಸಂಗವನ್ನೇ ಕೆತ್ತಿದ ಶಿಲ್ಪಗಳ ಕಿರುಬರಹಗಳನ್ನು ಕೂಡ ಫ್ಲೀಟ್ ಕಡೆಗಣಿಸಲಿಲ್ಲ. ಸಾರಾಂಶ ಮಾತ್ರ ಕೊಟ್ಟಿದ್ದರೆ ಮೊದಲು ಕಳೆದುಹೋಗುತ್ತಿದ್ದುದು ಇಂಥ ಬರಹಗಳೇ.

ಈ ನೀತಿಯ ನಿಜವಾದ ಬೆಲೆ ಗೊತ್ತಾಗುವುದು ಫ್ಲೀಟ್ ಎಡವಿದ ಕಡೆ. ಅಬಲೂರು ಶಾಸನ ಬಸವಣ್ಣನ ಹೆಸರೆತ್ತದಿರುವುದನ್ನು ಕಂಡು, ಅವರು ಅಂದಿನ ಶೈವ ಪುನರುತ್ಥಾನದಲ್ಲಿ ಏಕಾಂತದ ರಾಮಯ್ಯನಿಗೆ ಹಿರಿಯ ಸ್ಥಾನ ಕೊಟ್ಟು, ಬಸವಣ್ಣನನ್ನೇ ಮುಂದಿಟ್ಟ ಬಸವಪುರಾಣದ ಚಿತ್ರವನ್ನು ಸಂಶಯದಿಂದ ನೋಡಿದರು. ಆದರೆ ಅವರು ಮುಂದಿಟ್ಟ ಪಾಠ ಅವರ ತೀರ್ಮಾನಕ್ಕೆ ಕಟ್ಟುಬಿದ್ದಿರಲಿಲ್ಲವಾದ್ದರಿಂದ, ಅದೇ ಪಾಠವನ್ನು ಓದಿ ಬೇರೆ ನಿರ್ಣಯಕ್ಕೆ ಬರುವ ಸ್ವಾತಂತ್ರ್ಯ ಮುಂದಿನವರಿಗೆ ಉಳಿಯಿತು. ಹುಕ್ಕೇರಿ ತಾಲ್ಲೂಕಿನ ಅರ್ಜುನವಾಡದಲ್ಲಿ ದೊರೆತ, ಸೇವುಣ ಕನ್ನರನ ಕಾಲದ 1260ರ ಶಾಸನ ಸಂಗನಬಸವನ, ಅಂದರೆ ಬಸವಣ್ಣನ, ಹೆಸರನ್ನೂ ಅವನ ಮನೆತನದವರನ್ನೂ ಉಲ್ಲೇಖಿಸಿ ವಾದದ ದಿಕ್ಕು ಬದಲಿಸಿತು. ಅದು ಪ್ರಕಟವಾದದ್ದೂ ಇದೇ ಪತ್ರಿಕೆಯ 21ನೆಯ ಸಂಪುಟದಲ್ಲಿ.

ಪತ್ರಿಕೆಯ ಎಲ್ಲ ಆಯ್ಕೆಗಳನ್ನೂ ಒಪ್ಪಬೇಕಿಲ್ಲ. ಕನ್ನಡ ಶಾಸನವನ್ನು ರೋಮನ್ ಲಿಪಿಯಲ್ಲಿ ಅಚ್ಚು ಹಾಕಿದ್ದರಿಂದ ಅಬಲೂರಿನ ಓದುಬಲ್ಲ ರೈತನಿಗೂ ತನ್ನೂರಿನ ಕಲ್ಲಿನ ಮಾತು ದೂರವಾಯಿತು; ಬಿ.ಎಲ್. ರೈಸ್ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಕನ್ನಡ ಲಿಪಿಯ ಪಾಠವನ್ನೂ ಕೊಟ್ಟದ್ದು ಇದಕ್ಕಿಂತ ಉತ್ತಮ ಕ್ರಮ. ಇಂದು ಹೊಸ ಶಾಸನಗಳನ್ನು ಪ್ರಕಟಿಸುವ ಕನ್ನಡ ಪತ್ರಿಕೆಗಳ ಸಂಪಾದಕರು, ಓದುಗರು ಬೇಸರಪಟ್ಟಾರೆಂಬ ಅಂಜಿಕೆಯಿಂದ ಮೂಲಪಾಠವನ್ನು ಕೈಬಿಟ್ಟು ಸಾರಾಂಶವನ್ನಷ್ಟೇ ಉಳಿಸಿಕೊಳ್ಳಬಾರದು. ಪಾಠವನ್ನು ಕನ್ನಡ ಲಿಪಿಯಲ್ಲಿ, ಕೊನೆಯ ಸಾಲಿನವರೆಗೂ, ಅಚ್ಚು ಹಾಕಬೇಕು.